ಉಸುಕಿನಲ್ಲಿ ಐದು ನಿಮಿಷ

ನಾನು ಆ ಶಿಬಿರಕ್ಕೆ ಕುಣಿಯಲು ಕಲಿಯಬೇಕೆಂದು ಹೋಗಲಿಲ್ಲ. ಒಬ್ಬ ಮನುಷ್ಯನನ್ನು ಜನರ ಮುಂದೆ ಕಂಬದ ಹಾಗೆ ನಿಲ್ಲಿಸಬೇಕಾಗಿತ್ತು, ಅದಕ್ಕೆ ಹೋದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಚರ್ಚಾಸ್ಪರ್ಧೆಗೆ ತಯಾರು ಮಾಡುವಾಗ ನಮಗೆ ಕಲಿಸಿದ್ದೂ ಅದನ್ನೇ: ನೀನು ಯಾವ ಪಕ್ಷ ಎನ್ನುವುದು ಮೊದಲ ಮಾತಿನಲ್ಲೇ ಗೊತ್ತಾಗಬೇಕು, ಕೇಳುವವರು ಹುಡುಕುತ್ತ ಕೂಡಬಾರದು.

ಆ ಮನುಷ್ಯನನ್ನು ಮೊದಲು ನೋಡಿದ್ದು ಆಳಂದದಲ್ಲಿ, ಎಂಬತ್ತರ ದಶಕ ಮುಗಿಯುತ್ತ ಬಂದಿದ್ದಾಗ. ನನ್ನ ಊರು ಕೊಳಕೂರ, ಓದುತ್ತಿದ್ದುದು ಜೇವರ್ಗಿಯ ಕಾಲೇಜಿನಲ್ಲಿ. ಮೂರು ತಾಲೂಕುಗಳ ಹುಡುಗ ಹುಡುಗಿಯರಿಗೆ ಚರ್ಚಾಸ್ಪರ್ಧೆ ಇತ್ತು. ನಿರ್ಣಾಯಕರಲ್ಲಿ ಒಬ್ಬರು ದೊಡ್ಡ ಊರಿನಿಂದ ಬಂದ ನೃತ್ಯದ ಗುರುಗಳು. ಉದ್ದ ಜುಬ್ಬಾ, ಎಡ ಹೆಗಲ ಮೇಲೆ ಕೆಂಪಂಚಿನ ಟವೆಲ್. ಅವರನ್ನು ಎಲ್ಲರೂ ಬರೀ 'ಸರ್' ಎನ್ನುತ್ತಿದ್ದರು, ನಾನೂ ಇಲ್ಲಿ ಹಾಗೇ ಕರೆಯುತ್ತೇನೆ.

ಹುಡುಗಿಯರು ಸೀರೆ ಉಟ್ಟೇ ವೇದಿಕೆ ಹತ್ತಬೇಕು ಎಂದು ನಮ್ಮ ಮೇಡಂ ಹಟ ಹಿಡಿದಿದ್ದರು. ನನ್ನ ಹತ್ತಿರ ಸೀರೆ ಇರಲಿಲ್ಲ. ಅಪ್ಪನ ತಂಗಿ, ಮಣ್ಣೂರಿಗೆ ಕೊಟ್ಟಿರುವ ನನ್ನ ಅತ್ತಿ, ತನ್ನ ಹಸಿರು ಇಳಕಲ್ ಸೀರೆ ಕಳಿಸಿದಳು. ಅತ್ತಿ ಉದ್ದ, ನಾನು ಗಿಡ್ಡ. ಇದ್ದದ್ದು ಒಂದೇ ಪಿನ್ನು. ಮಾತು ಶುರು ಮಾಡಿ ಅರ್ಧ ನಿಮಿಷವಾಗಿರಲಿಲ್ಲ, ನೆರಿಗೆ ಜಾರಿ ಎರಡೂ ಪಾದಗಳ ಅಡಿಗೆ ಬಂತು. ಕಾಲೆತ್ತಿದರೆ ಸೀರೆಯೇ ಬಿಚ್ಚುತ್ತದೆ. ಕೈ ಎತ್ತಿದರೂ ಪಿನ್ನು ಎಳೆಯುತ್ತದೆ. ಹಾಗಾಗಿ ಐದು ನಿಮಿಷ ಒಂದೂ ಬೆರಳು ಅಲ್ಲಾಡಿಸದೆ ಮಾತಾಡಿದೆ. ನಾಲ್ಕನೆಯ ನಿಮಿಷಕ್ಕೆ ಎಚ್ಚರಿಕೆಯ ಗಂಟೆ, ಐದಕ್ಕೆ ಕೊನೆಯ ಗಂಟೆ. ಎದುರು ಪಕ್ಷದ ಒಂದು ವಾದವನ್ನೂ ನಾನು ಉಳಿಸಿರಲಿಲ್ಲ. ಇದು ಜಂಬವಲ್ಲ, ಸೋತವರೇ ಬಂದು ಹೇಳಿದರು.

ಫಲಿತಾಂಶ ಹೇಳಲು ಸರ್ ಎದ್ದು ನಿಂತರು. ಮೊದಲ ಬಹುಮಾನ ಬೇರೆಯವರಿಗೆ ಹೋಯಿತು, ಹೋಗಲಿ. ಆಮೇಲೆ ಅವರು ನನ್ನ ಹೆಸರು ಹಿಡಿದು, 'ಈ ಹುಡುಗಿ ಕುತ್ತಿಗೆಯಿಂದ ಮೇಲೆ ವಕೀಲ, ಕುತ್ತಿಗೆಯಿಂದ ಕೆಳಗೆ ಕಂಬ' ಎಂದರು. ಅಷ್ಟಕ್ಕೇ ಬಿಡಲಿಲ್ಲ. ವೇದಿಕೆಯ ನಡುವೆ ಬಂದು, ಕೈಗಳನ್ನು ತೊಡೆಗೆ ಅಂಟಿಸಿ, ಗದ್ದ ಎತ್ತಿ, ನಾನು ನಿಂತಿದ್ದ ಹಾಗೆ ನಿಂತು ತೋರಿಸಿದರು. ಅವರು ನಟನೆ ಬಲ್ಲವರು. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ವೇದಿಕೆ ಇಳಿಯುವ ಅವಸರದಲ್ಲಿ ಸೀರೆಯ ಅಂಚು ನನ್ನ ಕಾಲಿಗೇ ಸಿಕ್ಕು ಮೊಳದುದ್ದ ಹರಿಯಿತು.

ಅಲ್ಲಿಂದ ನಾನು ಜೇವರ್ಗಿಯಲ್ಲಿ 'ಕಂಬ' ಆದೆ. ಕರಿಹಲಗೆಯ ಮೇಲೆ ಲೈಟಿನ ಕಂಬಕ್ಕೆ ಎರಡು ಜಡೆ ಬರೆದಿಟ್ಟಿರುತ್ತಿದ್ದರು. ಬಸ್ ಸ್ಟ್ಯಾಂಡಿನಲ್ಲಿ ನಾನು ಬಂದರೆ ಯಾರಾದರೂ ಮೇಲೆ ನೋಡಿ ಕರೆಂಟ್ ಬಂತೇನಲೇ ಎಂದು ಕೇಳುವರು. ಮರುವರ್ಷ ಆಳಂದದ ಕಡೆಯಿಂದ ನನ್ನನ್ನು ನೋಡಲು ಬಂದವರಲ್ಲಿ ಒಬ್ಬಾಕೆ ಆ ಸಭೆಯಲ್ಲಿ ಇದ್ದವಳು. ಚಹಾ ಕುಡಿದು, ಬಟ್ಟಲು ಕೆಳಗಿಟ್ಟು, 'ಜರಾ ಪಡಸಾಲ್ಯಾಗ ನಡದ ತೋರ್ಸವ್ವ' ಎಂದಳು. ಅವ್ವ ತಲೆ ತಗ್ಗಿಸಿದಳು. ನಾನು ನಡೆಯಲಿಲ್ಲ. ಅವರು ತಿರುಗಿ ಬರಲಿಲ್ಲ. ವರ ಹೋದದ್ದು ನನಗೆ ದುಃಖವಲ್ಲ. ಅವ್ವ ತಲೆ ತಗ್ಗಿಸಿದ್ದನ್ನು ಮಾತ್ರ ನಾನು ಸರ್ ಹೆಸರಿನ ಮುಂದೆ ಬರೆದಿಟ್ಟುಕೊಂಡೆ.

ಹೀಗೆ ಎರಡು ವರ್ಷ ಹೋದ ಮೇಲೆ ಕಾಲೇಜಿನ ಗೋಡೆಗೆ ಒಂದು ಕರಪತ್ರ ಅಂಟಿತು. ಸರ್ ರಾಜಸ್ಥಾನಕ್ಕೆ ಹೋಗಿ ಬಂದಿದ್ದರಂತೆ. ಅಲ್ಲಿ ಮರುಭೂಮಿಯಲ್ಲಿ ಕಲೆಯ ಉತ್ಸವ ನಡೆಯುತ್ತದೆ, ಊರೂರಿನ ಜನ ಮರಳ ಮೇಲೆ ಕೂಡಿ ಕುಣಿಯುತ್ತಾರೆ. ಕಲಿಸುವವರಿಲ್ಲ, ಗೊತ್ತು ಮಾಡಿದ ಹೆಜ್ಜೆ ಇಲ್ಲ, ಆ ಗಳಿಗೆಗೆ ಮೈಗೆ ಏನು ತೋಚುತ್ತದೋ ಅದೇ ಕುಣಿತ. ಅಂಥದ್ದನ್ನು ನಮ್ಮ ಕಡೆಯೂ ಮಾಡಬೇಕೆಂದು ಅವರಿಗೆ ಅನಿಸಿದೆ. ಮಣ್ಣೂರಿನ ಹತ್ತಿರ ಬೇಸಿಗೆಯಲ್ಲಿ ಬತ್ತಿದ ಭೀಮಾ ಹೊಳೆಯ ಉಸುಕಿನ ಮೇಲೆ ಒಂಬತ್ತು ದಿನ ಶಿಬಿರ. ಕೊನೆಯ ದಿನ ಸಂಜೆ ಮೂರೂ ತಾಲೂಕಿನ ಜನರ ಮುಂದೆ ಕುಣಿತ. ಕರಪತ್ರದಲ್ಲಿ ಆ ಉಸುಕಿಗೆ 'ನಮ್ಮ ಮರುಭೂಮಿ' ಎಂದು ಅಚ್ಚಾಗಿತ್ತು.

ಮೂರೂ ತಾಲೂಕಿನ ಜನ. ಅಂದರೆ ಆಳಂದದಲ್ಲಿ ನಕ್ಕವರು. ನಾನು ಅವತ್ತೇ ಹೆಸರು ಕೊಟ್ಟೆ. ಅತ್ತಿಯ ಮನೆಯಲ್ಲಿ ಇರುತ್ತೇನೆ ಎಂದದ್ದಕ್ಕೆ ಅಪ್ಪ ಒಪ್ಪಿದ.

ಕರಪತ್ರ ಓದಿ ಹೇಳಿದಾಗ ಅತ್ತಿ ಜೋಳ ಹಸನು ಮಾಡುತ್ತಿದ್ದಳು. ಮೊರ ನಿಲ್ಲಿಸದೆ ಕೇಳಿದಳು.

'ಹೊಳಿಗಿ ಮರುಭೂಮಿ ಅಂದ್ರ, ನಾವ್ ಕುಡಿಯೂ ನೀರ ಎಲ್ಲಿಂದ ಬರ್ತದಂತ ಬೇ?'

ಅವಳ ಪ್ರಶ್ನೆಯಲ್ಲಿ ಸತ್ವವಿತ್ತು. ಹೊಳೆ ಮೇಲೆ ಬತ್ತಿರುತ್ತದೆ, ಒಳಗಲ್ಲ. ಬೇಸಿಗೆ ಬಂದರೆ ಮಣ್ಣೂರಿನ ಹೆಂಗಸರು ಉಸುಕಿನಲ್ಲಿ ಗುಂಡಿ ತೋಡುತ್ತಾರೆ. ಮೊಣಕಾಲುದ್ದ ತೋಡಿದರೆ ತಿಳಿನೀರು ಜಿನುಗಿ ನಿಲ್ಲುತ್ತದೆ. ಅದಕ್ಕೆ ವರ್ತಿ ಎನ್ನುತ್ತಾರೆ. ಒಬ್ಬೊಬ್ಬರದು ಒಂದೊಂದು. ತಂಬಿಗೆಯಿಂದ ತೋಡಿ ತೋಡಿ ಕೊಡ ತುಂಬಿಸಬೇಕು, ಅವಸರ ಮಾಡಿದರೆ ನೀರು ರಾಡಿಯಾಗುತ್ತದೆ. ಹದಿನೈದು ದಿನಕ್ಕೋ ತಿಂಗಳಿಗೋ ಒಂದು ವರ್ತಿ ಕೆಟ್ಟರೆ ಅದನ್ನು ಸಡಿಲ ಉಸುಕಿನಿಂದ ಮುಚ್ಚಿ ಬೇರೆ ಕಡೆ ತೋಡುತ್ತಾರೆ. ಮುಚ್ಚಿದ್ದರ ಮೇಲೆ ಜಾಲಿ ಕಂಟಿ ನೆಡುವುದು ಅಲ್ಲಿಯ ಕಟ್ಟಳೆ. ಯಾಕೆಂದರೆ ಮೇಲೆ ಒಣಗಿ ಗಟ್ಟಿ ಕಂಡರೂ ಒಳಗೆ ಅದು ಅಂಬಲಿ; ದನ ಕಾಲಿಟ್ಟರೆ ಹೂತುಹೋಗುತ್ತದೆ. ಕಂಟಿ ಕಂಡರೆ ಮಣ್ಣೂರಿನಲ್ಲಿ ಕೂಸೂ ಸುತ್ತುಹಾಕಿ ನಡೆಯುತ್ತದೆ. ಯಾರ ವರ್ತಿ ಎಂದು ತಿಳಿಯಲಿ ಎಂದು ಆ ಕಂಟಿಗೆ ತಮ್ಮ ಹಳೆ ಸೀರೆಯ ಚಿಂದಿ ಕಟ್ಟಿರುತ್ತಾರೆ.

ಶಿಬಿರದಲ್ಲಿ ನಲವತ್ತು ಜನರಿದ್ದೆವು. ಅದರಲ್ಲಿ ನಾಲ್ವರು ಸರ್ ಜೊತೆಗೇ ಬಂದ ಶಿಷ್ಯರು, ನಾಲ್ವರದೂ ಒಂದೇ ಕಾವಿ ಬಣ್ಣದ ಅಂಗಿ. ಮೊದಲ ದಿನ ಸರ್ ನಮ್ಮನ್ನು ಉಸುಕಿನ ಮೇಲೆ ದುಂಡಗೆ ನಿಲ್ಲಿಸಿ ನಿಯಮ ಹೇಳಿದರು. ಇಲ್ಲಿ ಗುರುವಿಲ್ಲ, ಮುಂದಾಳು ಇಲ್ಲ. ಮೈ ಹೇಳಿದ ಹಾಗೆ ಆಡಿ. ಏನು ಮಾಡಬೇಕೆಂದು ತಿಳಿಯದಿದ್ದರೆ ಪಕ್ಕದವರ ಮೈ ನೋಡಿ, ಅವರು ಮಾಡಿದ್ದನ್ನು ನಿಮ್ಮ ಮೈಗೆ ತಗೊಳ್ಳಿ. ನಲವತ್ತು ಜನವಲ್ಲ, ಒಂದೇ ಮೈ.

ನಾನು ಕೈ ಎತ್ತಿ, ಎಲ್ಲರೂ ಪಕ್ಕದವರನ್ನೇ ನೋಡುತ್ತಿದ್ದರೆ ಮೊದಲು ಮಾಡುವವರು ಯಾರು ಎಂದು ಕೇಳಿದೆ. ಸರ್ ನಕ್ಕು, ನೀನು ತುಂಬಾ ಯೋಚನೆ ಮಾಡುತ್ತೀಯಮ್ಮ ಎಂದರು. ಅವರಿಗೆ ನನ್ನ ಗುರುತು ಸಿಕ್ಕಿರಲಿಲ್ಲ. ಮಧ್ಯಾಹ್ನ ನನ್ನ ಮುಂದೆ ಬಂದು ನಿಂತು, ಮೈ ಬಿಡು, ಕಂಬ ಆಗಬೇಡ ಎಂದರು. ಸಂಜೆ ಅಫಜಲಪುರದ ಒಬ್ಬ ದಪ್ಪ ಮಾಸ್ತರರಿಗೂ ಅದನ್ನೇ ಹೇಳಿದರು. ಆಗ ನನ್ನ ಸಿಟ್ಟು ಎರಡು ಪಟ್ಟಾಯಿತು. ನನ್ನನ್ನು ಹಾಳು ಮಾಡಲಿಕ್ಕೂ ಅವರು ಹೊಸ ಮಾತು ಹುಡುಕಿರಲಿಲ್ಲ. ಬಾಯಿಗೆ ರೂಢಿಯಾದ ಹಳೆಯದನ್ನೇ ಎಸೆದಿದ್ದರು.

ನನ್ನ ಮೊದಲ ಯೋಜನೆ ಸಾದಾ ಇತ್ತು. 'ತಾನಾಗಿ ಬರುವ ಕುಣಿತ' ಎನ್ನುವುದು ಸುಳ್ಳು ಎಂದು ರುಜುವಾತು ಮಾಡುವುದು. ನೋಟ್‌ಬುಕ್ಕಿನಲ್ಲಿ ಎಡಕ್ಕೆ ಅವರ ವಾದ, ಬಲಕ್ಕೆ ನನ್ನ ಖಂಡನೆ ಎಂದು ಗೆರೆ ಹೊಡೆದೆ. ನಾಲ್ಕು ದಿನ ಕುಣಿಯುವ ನೆವದಲ್ಲಿ ಬರೀ ನೋಡಿದೆ. ನಾಲ್ಕನೆಯ ದಿನ ಸಿಕ್ಕಿತು. ಕುಣಿತ ಬದಲಾಗುವ ಪ್ರತಿ ಸಲ, ಅದಕ್ಕೆ ಸ್ವಲ್ಪ ಮೊದಲು, ಸರ್ ಟವೆಲ್ ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಹೋಗುತ್ತದೆ. ಅದನ್ನು ನೋಡಿ ಆ ನಾಲ್ಕು ಕಾವಿ ಅಂಗಿಗಳು ಹೆಜ್ಜೆ ಬದಲಿಸುತ್ತವೆ. ಅವರನ್ನು ನೋಡಿ ಅವರ ಪಕ್ಕದವರು, ಅವರನ್ನು ನೋಡಿ ಉಳಿದವರು. ನಾವೆಲ್ಲ ತಾನಾಗಿ ಬಂತು ಎಂದು ಕಣ್ಣು ಮುಚ್ಚಿ ಆನಂದಪಡುತ್ತಿದ್ದದ್ದು ಒಂದು ಟವೆಲ್.

ಇದನ್ನು ಭೂಸನೂರಿನವನೊಬ್ಬನಿಗೆ ಹೇಳಿದೆ. ಸಕ್ಕರೆ ಫ್ಯಾಕ್ಟರಿಯಲ್ಲಿ ಕಬ್ಬು ಇಳಿಸುವ ಕೆಲಸದವನು, ಹಂಗಾಮು ಮುಗಿದಿದ್ದರಿಂದ ಬಂದಿದ್ದ. ದುಂಡಿನಲ್ಲಿ ನನ್ನ ಬಲಕ್ಕೆ ನಿಲ್ಲುತ್ತಿದ್ದ. ಅವನಿಗೆ ಆಶ್ಚರ್ಯವೇ ಆಗಲಿಲ್ಲ.

'ಅದರಾಗ ಏನೈತಿ ತಂಗಿ. ನಮ್ಮ ಫ್ಯಾಕ್ಟರ್ಯಾಗ ಸೈರನ್ ಭೋಂಗಾ ಹೊಡದ್ರ ಸಾವಿರ ಮಂದಿ ಒಮ್ಮಿಗೇ ತಿರಗ್ತೇವಿ. ಇಲ್ಲಿ ಟವೆಲ್ಲರ ಸಪ್ಪಳ ಮಾಡಂಗಿಲ್ಲ, ಬೇಶ್ ಅದ.'

ಆರನೆಯ ದಿನದ್ದೊಂದನ್ನು ಮುಚ್ಚಿಡಬಹುದಿತ್ತು. ಆದರೆ ಎದುರು ಪಕ್ಷದ ಒಳ್ಳೆಯ ಅಂಶವನ್ನು ನಾವೇ ಹೇಳಿಬಿಟ್ಟರೆ ಅವರ ಕೈಯಲ್ಲಿ ಏನೂ ಉಳಿಯುವುದಿಲ್ಲ, ಅದಕ್ಕೆ ಹೇಳುತ್ತೇನೆ. ಅವತ್ತು ಸರ್ ಮನೆಯ ಕೆಲಸ ಒಂದನ್ನು ಕಾಲಿನಲ್ಲಿ ತನ್ನಿ ಎಂದರು. ನಮ್ಮ ಮನೆಯ ಮಾಳಿಗೆಗೆ ಮಳೆಗಾಲದ ಮೊದಲು ಮಣ್ಣು ಹಾಕುವಾಗ ಅವ್ವ, ನಾನು, ಚಿಗವ್ವ ಸಾಲಾಗಿ ನಿಂತು ಹೊಟ್ಟು ಕಲಸಿದ ರಾಡಿ ತುಳಿಯುತ್ತೇವೆ. ಹಿಮ್ಮಡಿ ಒತ್ತಿ, ಬೆರಳು ಹೊರಳಿಸಿ, ಅರ್ಧ ಹೆಜ್ಜೆ ಹಿಂದೆ. ನಾನು ಅದನ್ನು ಶುರು ಮಾಡಿದೆ. ಟವೆಲ್ ನೋಡುವುದು ಮರೆತುಹೋಯಿತು. ಎಷ್ಟು ಹೊತ್ತು ತುಳಿದೆನೋ ಗೊತ್ತಿಲ್ಲ, ಕಣ್ಣು ತೆರೆದಾಗ ಬಲಕ್ಕೆ ಭೂಸನೂರಿನವನು, ಎಡಕ್ಕೆ ಆ ದಪ್ಪ ಮಾಸ್ತರರು, ಅವರಾಚೆ ಇನ್ನೂ ಹತ್ತು ಜನ ನನ್ನ ಅವ್ವನ ಹಾಗೆ ರಾಡಿ ತುಳಿಯುತ್ತಿದ್ದರು. ಕುಣಿತ ಬಂದಿತ್ತು. ಕಬೂಲ್. ಟವೆಲ್ ಇಲ್ಲದೆ ಬಂದಿತ್ತು.

ಅಷ್ಟರಲ್ಲಿ ಸರ್ ಬಂದು ನನ್ನ ತಲೆಯ ಮೇಲೆ ಕೈಯಿಟ್ಟು, 'ಬಂತು ನೋಡು, ನಾನು ತರಿಸಿದೆನಲ್ಲ' ಎಂದರು. ಕೊಳಕೂರಿನ ಮಾಳಿಗೆಯ ಮಣ್ಣನ್ನು ಇವರು ತರಿಸಿದರಂತೆ. ನಾನು ಅಲ್ಲೇ ನಿಂತುಬಿಟ್ಟೆ. ಸುಳ್ಳು ಬಯಲು ಮಾಡಿದರೆ ಈ ಮನುಷ್ಯನಿಗೆ ಸಾಲುವುದಿಲ್ಲ ಎನ್ನುವುದು ಆಗ ಗೊತ್ತಾಯಿತು. ಮಾತಿನಲ್ಲಿ ಸೋತರೆ ಅವರು ನಕ್ಕು ತಲೆಯ ಮೇಲೆ ಕೈ ಇಡುತ್ತಾರೆ. ಅವರ ಮೈಯೇ ಸೋಲಬೇಕು.

ಎಂಟನೆಯ ದಿನ ಸರ್ ಕೊನೆಯ ಕುಣಿತಕ್ಕೆ ಜಾಗ ಆರಿಸಿದರು. ದಂಡೆಯ ಹತ್ತಿರದ ಉಸುಕು ಏರುತಗ್ಗು. ಹೊಳೆಯ ನಡುವೆ ಒಂದು ಕಡೆ ಚಪ್ಪಟೆಯಾಗಿತ್ತು, ಮುಳುಗುವ ಸೂರ್ಯ ಬೆನ್ನಿಗೆ ಬರುತ್ತಾನೆ. ಅಲ್ಲಿ ಒಂದು ಕಂಟಿ ಯಾಕೆ ನಿಂತಿದೆ ಎಂದು ಅವರು ಮಣ್ಣೂರಿನ ಯಾರನ್ನೂ ಕೇಳಲಿಲ್ಲ. ಅಲ್ಲಿ ಅತ್ತಿಯ ಹಳೆಯ ವರ್ತಿ ಇತ್ತು. ಹತ್ತು ದಿನದ ಹಿಂದೆ ಎಮ್ಮೆ ಇಳಿದು ಕೆಡಿಸಿದ್ದಕ್ಕೆ ಮುಚ್ಚಿ ಕಂಟಿ ನೆಟ್ಟಿದ್ದಳು.

ಒಂಬತ್ತನೆಯ ದಿನ ಬೆಳಿಗ್ಗೆ ಬರಿಗಾಲಿಗೆ ಚುಚ್ಚುವಂಥದ್ದನ್ನೆಲ್ಲ ತೆಗೆದು ಸುಣ್ಣದಲ್ಲಿ ದುಂಡು ಗೆರೆ ಎಳೆಯುವ ಕೆಲಸ ಬಂತು. ನಾನು ಮಾಡುತ್ತೇನೆ ಎಂದೆ. ಯಾವಾಗಲೂ ಪ್ರಶ್ನೆ ಕೇಳುವವಳು ಕೆಲಸಕ್ಕೆ ಮುಂದಾದಳು ಎಂದು ಎಲ್ಲರಿಗೂ ಖುಷಿ.

ಆ ಜಾಗದಲ್ಲಿ ಒಂದೇ ಒಂದು ಜಾಲಿ ಕಂಟಿ ನಿಂತಿತ್ತು. ಅದಕ್ಕೆ ಕಟ್ಟಿದ ಚಿಂದಿಯನ್ನು ನೋಡಿದೆ. ಹಸಿರು ಮೈ, ಕೆಂಪು ಅಂಚು. ಆಳಂದದಲ್ಲಿ ನನ್ನ ಕಾಲಿಗೆ ಸಿಕ್ಕು ಹರಿದ ಅದೇ ಸೀರೆ. ಹರಿದ ಅಂಚಿನ ಬಗ್ಗೆ ಅತ್ತಿ ಒಂದು ಮಾತೂ ಆಡಿರಲಿಲ್ಲ. ಅದನ್ನು ಕತ್ತರಿಸಿ ಚಿಂದಿ ಮಾಡಿ ಇಟ್ಟುಕೊಂಡಿದ್ದಳು. ಅಲ್ಲಿಯವರೆಗೆ ನನ್ನಲ್ಲಿ ಸ್ವಲ್ಪ ಹಿಂದೆಮುಂದೆ ಇತ್ತೆಂದೇ ಹೇಳಬೇಕು. ಆ ಚಿಂದಿ ನೋಡಿದ ಮೇಲೆ ಇರಲಿಲ್ಲ.

ಕಂಟಿ ಕಿತ್ತೆ. ಚಿಂದಿ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಒಂದು ಕಾಲಿಟ್ಟು ಒತ್ತಿ ನೋಡಿದೆ. ಮೊಣಕಾಲಿನವರೆಗೆ ಹೋಯಿತು, ಕೆಳಗೆ ಗಟ್ಟಿ ಎರೆಮಣ್ಣು ತಾಗಿತು. ಅಂದರೆ ಜೀವಕ್ಕೆ ಭಯವಿಲ್ಲ. ಆ ಕಾಲು ಬಿಡಿಸಿಕೊಳ್ಳಲು ನಾನು ಅಂಗಾತ ಬೀಳಬೇಕಾಯಿತು. ಆಮೇಲೆ ಒಣ ಉಸುಕು ತಂದು ಮೇಲೆ ಉದುರಿಸಿ ಕೈಯಿಂದ ಸವರಿದೆ. ದುಂಡಿನಲ್ಲಿ ಸರ್ ಜಾಗ ಯಾವಾಗಲೂ ಪಡುವಣಕ್ಕೆ, ಸೂರ್ಯ ಬೆನ್ನಿಗೆ ಇರುವ ಹಾಗೆ. ಕೊನೆಯಲ್ಲಿ ಅವರು ಎರಡು ದೊಡ್ಡ ಹೆಜ್ಜೆ ಒಳಗೆ ಬಂದು ಕಾಲು ಅಪ್ಪಳಿಸುತ್ತಾರೆ. ಎಂಟು ದಿನದಲ್ಲಿ ಒಂದು ಸಲವೂ ತಪ್ಪಿರಲಿಲ್ಲ. 'ತಾನಾಗಿ' ಬರುವ ಆ ಎರಡು ಹೆಜ್ಜೆಯನ್ನು ಅಳೆದು, ವರ್ತಿಯಿಂದ ಹಿಂದಕ್ಕೆ ಎಣಿಸಿ, ಸುಣ್ಣದ ಗೆರೆ ಎಳೆದೆ. ನಾನು ಉದುರಿಸಿದ ಉಸುಕಿಗೆ ಬೇರೆ ಯಾರೂ ಬರುವಂತಿರಲಿಲ್ಲ. ನಾವು ಗೆರೆ ಬಿಟ್ಟು ಒಳಗೆ ಹೋಗುವ ರೂಢಿಯೇ ಇರಲಿಲ್ಲ.

ಸಂಜೆ ಐದಕ್ಕೆ ಜನ ಬಂದರು. ದಂಡೆಯ ಇಳಿಜಾರಿನ ಮೇಲೆ ಸಾಲಾಗಿ ಕೂತರು. ಆಳಂದದ ಕಾಲೇಜಿನವರು, ಜೇವರ್ಗಿಯ ನನ್ನ ಕ್ಲಾಸಿನವರು, ಅಫಜಲಪುರದ ಅಧಿಕಾರಿಗಳು ಕುರ್ಚಿಯ ಮೇಲೆ. ಕರೆಂಟ್ ಬಂತೇನಲೇ ಎನ್ನುತ್ತಿದ್ದವನೂ ಇದ್ದ. ಹಲಗೆ ಬಡಿಯುವವರು ಶುರು ಮಾಡಿದರು. ನಾವು ಗೆರೆಯ ಮೇಲೆ ನಿಂತೆವು. ನಾನು ಬೇಕೆಂದೇ ಸರ್ ಎದುರಿಗೆ, ಮೂಡಣಕ್ಕೆ ನಿಂತೆ.

ಅರ್ಧ ತಾಸು ಟವೆಲ್ ಹೆಗಲಿಂದ ಹೆಗಲಿಗೆ ಹೋಯಿತು, ಬಂತು, ನಲವತ್ತು ಜನ ಒಂದೇ ಮೈ ಆದೆವು. ಹಲಗೆ ಏರಿತು. ಸರ್ ಕಣ್ಣು ಅರ್ಧ ಮುಚ್ಚಿ ಒಂದು ಹೆಜ್ಜೆ ಒಳಗಿಟ್ಟರು. ಇನ್ನೊಂದು. ಕಾಲು ಎತ್ತಿ ಅಪ್ಪಳಿಸಿದರು.

ಬಲಗಾಲು ಮೊಣಕಾಲಿನವರೆಗೆ ಹೋಯಿತು. ತಡೆದುಕೊಳ್ಳಲು ಎಡಗಾಲು ಮುಂದೆ ತಂದರು, ಅದೂ ಹೋಯಿತು. ಎರಡೂ ಕೈ ಮೇಲಕ್ಕೆ ಹಾರಿದವು, ಟವೆಲ್ ಹಿಂದೆ ಬಿತ್ತು. ಆಮೇಲೆ ಅವರು ಕೈಗಳನ್ನು ಮೆಲ್ಲಗೆ ಇಳಿಸಿ ತೊಡೆಗೆ ಒತ್ತಿ ಹಿಡಿದರು, ಅಲ್ಲಾಡಿದರೆ ಇನ್ನೂ ಇಳಿಯುತ್ತೇನೆ ಎಂಬ ಭಯದಲ್ಲಿ. ಗದ್ದ ಮೇಲಾಯಿತು. ಆಳಂದದಲ್ಲಿ ತೋರಿಸಿದ ಅದೇ ನಿಲುವು, ಈಗ ನಟನೆಯಿಲ್ಲದೆ.

ನಾನು ಎಲ್ಲ ಲೆಕ್ಕ ಹಾಕಿದ್ದೆ, ಒಂದನ್ನು ಹಾಕಿರಲಿಲ್ಲ. ಏನು ಮಾಡಬೇಕೆಂದು ತಿಳಿಯದಿದ್ದರೆ ಪಕ್ಕದವರ ಮೈ ನೋಡಿ ಎಂದು ಎಂಟು ದಿನ ಕಲಿಸಿದ್ದರಲ್ಲ. ನಾಲ್ಕು ಕಾವಿ ಅಂಗಿಗಳು ಸರ್ ಮೈ ನೋಡಿದವು, ಟವೆಲ್ ಕಾಣಲಿಲ್ಲ, ಇದೇ ಹೊಸದು ಎಂದು ಕೈಗಳನ್ನು ತೊಡೆಗೆ ಅಂಟಿಸಿ ಗದ್ದ ಎತ್ತಿ ನಿಂತವು. ಅವರನ್ನು ನೋಡಿ ಪಕ್ಕದವರು. ಒಂದು ಉಸಿರಿನಲ್ಲಿ ನಲವತ್ತು ಕಂಬ. ಹಲಗೆಯವರೂ ನಿಲ್ಲಿಸಿದರು. ದಂಡೆಯ ಮೇಲೆ ಒಬ್ಬರೂ ನಗಲಿಲ್ಲ. ಕುರ್ಚಿಯವರೊಬ್ಬರು ಮೆಲ್ಲಗೆ ಚಪ್ಪಾಳೆ ತಟ್ಟಿದರು, ಜನ ಸೇರಿಕೊಂಡರು. ಅದು ಕುಣಿತ ಎಂದೇ ಎಲ್ಲರೂ ತಿಳಿದರು.

ಎರಡು ವರ್ಷ ಕಾದ ಅವಮಾನ ಹೀಗೆ ಚಪ್ಪಾಳೆಯಾಗಿ ಅವರ ಕಡೆಗೇ ಹೋಗುತ್ತಿತ್ತು. ನನಗೆ ತಡೆಯಲಾಗಲಿಲ್ಲ. ನಾನೊಬ್ಬಳೇ ದುಂಡು ಬಿಟ್ಟು ಮಾಳಿಗೆಯ ಮಣ್ಣು ತುಳಿಯುವ ಹೆಜ್ಜೆಯಲ್ಲಿ, ಅದೂ ಕುಣಿತವೇ ಎನ್ನುವ ಹಾಗೆ, ಸರ್ ಹತ್ತಿರ ಹೋದೆ. ಗಟ್ಟಿ ಉಸುಕಿನ ಅಂಚಿಗೆ ನಿಂತೆ. ಅವರ ಹಣೆಯಿಂದ ಬೆವರು ಇಳಿಯುತ್ತಿತ್ತು. ತುಟಿ ಅಲ್ಲಾಡಿಸದೆ ಹೇಳಿದರು.

'ಕಾಲು ಸಿಕ್ಕಿಕೊಂಡಿದೆ. ಯಾರಿಗೂ ಗೊತ್ತಾಗಬಾರದು. ಏನಾದರೂ ಮಾಡಮ್ಮ.'

ನಾನೂ ತುಟಿ ಅಲ್ಲಾಡಿಸದೆ ಹೇಳಿದೆ.

'ಆಳಂದದಾಗ ನನಗ ಐದು ನಿಮಿಷ ಕೊಟ್ಟಿದ್ರಿ ಸರ್. ನೀವೂ ನಿಲ್ರಿ.'

ಅವರ ಕಣ್ಣು ನನ್ನ ಮುಖದ ಮೇಲೆ ಬಂದು ನಿಂತಿತು. ಗುರುತು ಸಿಕ್ಕಿತೋ ಇಲ್ಲವೋ, ನನಗೆ ಬೇಕಾಗಿರಲಿಲ್ಲ. ಅದೇ ಹೆಜ್ಜೆಯಲ್ಲಿ ಹಿಂದೆ ಸರಿದು ನನ್ನ ಜಾಗಕ್ಕೆ ಬಂದು, ಕೈ ತೊಡೆಗೆ ಅಂಟಿಸಿ ನಿಂತೆ. ಕೈಗಡಿಯಾರ ಕಾಣುವ ಹಾಗೆ ಮಣಿಕಟ್ಟು ಮಾತ್ರ ಹೊರಳಿಸಿಕೊಂಡೆ. ಬದಲಿಸುವ ಸನ್ನೆ ನನಗೆ ಗೊತ್ತಿತ್ತು. ಐದು ನಿಮಿಷವಾದ ಮೇಲೆ ನನ್ನ ವೇಲ್ ಒಂದು ಹೆಗಲಿಂದ ಇನ್ನೊಂದಕ್ಕೆ ಹಾಕಿದರೆ ಆ ನಾಲ್ವರು ಕದಲುತ್ತಾರೆ, ಸರ್ ಒಬ್ಬರೇ ನಡುವೆ ಕಂಬವಾಗಿ ಉಳಿಯುತ್ತಾರೆ, ಆಗ ದಂಡೆಗೆ ಗೊತ್ತಾಗುತ್ತದೆ. ಇದು ನನಗೆ ತಾನಾಗಿ, ಆ ಗಳಿಗೆಗೆ ತೋಚಿದ್ದು.

ಒಂದು ನಿಮಿಷಕ್ಕೆ ಚಪ್ಪಾಳೆ ನಿಂತಿತು. ಎರಡಕ್ಕೆ ಕೆಮ್ಮು ಶುರುವಾಯಿತು. ಬಲಕ್ಕಿದ್ದ ಭೂಸನೂರಿನವನು, ಇದೇನ್ ತಂಗಿ, ಭೋಂಗಾ ಕೆಟ್ಟದೇನ ಎಂದು ಹಲ್ಲು ಕಚ್ಚಿ ಕೇಳಿದ. ಮೂರಕ್ಕೆ ದಂಡೆಯ ಮೇಲೆ ಯಾರೋ, 'ಮಂದಿ ಸತ್ತಾರೋ, ಕುಣ್ಯಾಕತ್ತಾರೋ' ಎಂದ, ನಾಲ್ಕಾರು ಜನ ನಕ್ಕರು. ಸರ್ ಕುತ್ತಿಗೆಯ ನರ ಎದ್ದಿತ್ತು. ಮೂರೂವರೆ ಎಂದು ಎಣಿಸಿದೆ.

ಆಗ ನನ್ನ ಅತ್ತಿ ಬಂದಳು. ಉತ್ಸವಕ್ಕಲ್ಲ. ದಿನದ ಹಾಗೆ ಹೊಸ ವರ್ತಿಯಿಂದ ನೀರು ತಗೊಂಡು, ತಲೆಯ ಮೇಲೊಂದು ಕೊಡ, ಸೊಂಟದ ಮೇಲೊಂದು. ಊರಿಗೆ ಹೋಗುವ ಅವಳ ದಾರಿ ನಮ್ಮ ದುಂಡಿನ ನಡುವೆಯೇ ಇತ್ತು. ಇಬ್ಬರು ಕಂಬಗಳ ನಡುವೆ ದಾಟಿ ಒಳಗೆ ಬಂದವಳು ಸರ್ ಎದುರು ನಿಂತಳು. ಅಷ್ಟು ಮೌನದಲ್ಲಿ ಅವಳ ಸಾದಾ ದನಿ ದಂಡೆಯವರೆಗೂ ಕೇಳಿಸಿತು.

'ಇದು ನನ್ನ ವರ್ತಿ ಅದರೀ ಯಪ್ಪಾ. ಮುಚ್ಚಿದ್ದು. ಇದರಾಗ ಯಾಕ ಇಳದೀರಿ?'

ದಂಡೆಯ ಮೇಲೆ ಮೊದಲು ಮಣ್ಣೂರಿನ ಹೆಂಗಸರು ನಗಲು ಶುರು ಮಾಡಿದರು, ಆಮೇಲೆ ಎಲ್ಲರೂ. ಅಂಥ ನಗೆಯನ್ನು ನಾನು ಇನ್ನೊಂದು ಸಲ ಮಾತ್ರ ಕೇಳಿದ್ದೆ, ಆಳಂದದಲ್ಲಿ. ಅದನ್ನು ಕಿವಿ ತುಂಬಾ ಕುಡಿದೆ. ಆದರೆ ಅತ್ತಿ ನಗಲಿಲ್ಲ.

'ಕಂಟಿ ಯಾರ ಕಿತ್ತಾರ?' ಎಂದಳು, ದುಂಡನ್ನೆಲ್ಲ ನೋಡಿ. ಆ ನೋಟ ನನ್ನ ಹತ್ತಿರ ಬಂದು ನಿಂತಿತು.

ನಾನು ಕೈಗಡಿಯಾರ ನೋಡಿದೆ. ಭೂಸನೂರಿನವನು, ಸ್ವಚ್ಛ ಮಾಡೂಮುಂದ ಹೋಗಿರಬೇಕ್ರೀ ಅತ್ತಿ ಎಂದ.

ಅತ್ತಿ ತಲೆಯ ಮೇಲಿನ ಕೊಡ ಇಳಿಸಿ, ಸರ್ ಕಾಲಿನ ಸುತ್ತ ನೀರು ಹೊಯ್ಯುತ್ತ, ಎಳೀಬ್ಯಾಡ್ರಿ, ಹಿಮ್ಮಡಿ ಹೊರಳಸ್ರಿ ಎಂದು ಹೇಳಿಕೊಟ್ಟಳು. ಸಿಕ್ಕ ಎಮ್ಮೆಯನ್ನು ಬಿಡಿಸುವುದೂ ಹಾಗೇ. ಮೊದಲು ಎಡಗಾಲು, ಆಮೇಲೆ ಬಲಗಾಲು ಸಪ್ಪಳ ಮಾಡಿ ಹೊರಬಂತು. ಒಂದು ಕೊಡ ಪೂರ್ತಿ ಖಾಲಿಯಾಯಿತು. ಸರ್ ತೊಡೆಯವರೆಗೆ ರಾಡಿ ಮೆತ್ತಿಕೊಂಡು, ಅತ್ತಿಗೆ ಕೈಮುಗಿದು, ಮೈಕಿನ ಹತ್ತಿರ ಹೋಗಿ, ಭೂಮಿ ಕೆಲವು ಸಲ ಕಲಾವಿದನನ್ನು ಬಿಡುವುದಿಲ್ಲ, ಹಿಡಿದು ನಿಲ್ಲಿಸಿ ಮಾತಾಡುತ್ತದೆ ಎಂದರು. ಕುರ್ಚಿಯವರು ಚಪ್ಪಾಳೆ ತಟ್ಟಿದರು. ಮಣ್ಣೂರಿನವರು ತಟ್ಟಲಿಲ್ಲ.

ಮನೆಗೆ ಬಂದಾಗ ಅತ್ತಿ ನನ್ನ ಸೊಂಟದಲ್ಲಿ ಸಿಕ್ಕಿಸಿದ್ದ ಚಿಂದಿಯನ್ನು ಎಳೆದು ತೆಗೆದಳು. ನಾನು ಮರೆತೇಬಿಟ್ಟಿದ್ದೆ.

'ಅವನ ಸಿಟ್ಟ ಅವನ ಮ್ಯಾಲ ತೀರಸ್ಕೊ. ನನ್ನ ವರ್ತಿ ಯಾಕ ಬೇಕಾತು?'

ನಾನು ವಾದ ಮಂಡಿಸಿದೆ. ಆಳ ನೋಡಿದ್ದೆ, ಕೆಳಗೆ ಗಟ್ಟಿ ಇತ್ತು, ಬೇರೆ ಯಾರೂ ಅಲ್ಲಿಗೆ ಬರುವಂತಿರಲಿಲ್ಲ, ಕುಣಿತ ಮುಗಿದ ಕೂಡಲೇ ಕಂಟಿ ಮತ್ತೆ ನೆಡುತ್ತಿದ್ದೆ, ಅವ್ವ ತಲೆ ತಗ್ಗಿಸಿದ್ದು ನಿನಗೂ ಗೊತ್ತು. ಅತ್ತಿ ಎಲ್ಲ ಕೇಳಿದಳು.

'ವಾದಾ ಚಲೋ ಮಾಡ್ತಿ,' ಎಂದಳು. 'ಕೊಡ ತುಂಬ್ಕೊಂಡ ಬಾ.'

ಒಬ್ಬಳೇ ಹೊಸ ವರ್ತಿಗೆ ಹೋಗಿ ತಂಬಿಗೆಯಿಂದ ತೋಡಿದೆ. ಅವಸರ ಮಾಡಿದ್ದಕ್ಕೆ ಎರಡು ಸಲ ರಾಡಿಯಾಯಿತು, ತಿಳಿಯಾಗುವವರೆಗೆ ಕಾಯಬೇಕಾಯಿತು. ಬರುವಾಗ ಹಳೆಯದರ ಮೇಲೆ ಕಂಟಿ ನೆಟ್ಟೆ. ಆ ಕೊಡ ನೀರಿನ ಬಗ್ಗೆ ನನಗೆ ಇವತ್ತಿಗೂ ನಾಚಿಕೆ ಇದೆ. ಸರ್ ಬಗ್ಗೆ ಇಲ್ಲ. ಮೂರೂವರೆ ನಿಮಿಷಕ್ಕೆ ಮುಗಿದುಹೋಯಿತಲ್ಲ ಎನ್ನುವುದಷ್ಟೇ ಇತ್ತು.

ಅದು ಹಾಗೇ ಉಳಿಯುತ್ತಿತ್ತೇನೋ. ಮರುವರ್ಷ ಸರ್ ಅಫಜಲಪುರಕ್ಕೆ ಹೊಸ ಕುಣಿತ ತಂದರು. ಭೂಸನೂರಿನವನೂ ನಾನೂ ಹೋದೆವು. ಹತ್ತು ಜನ ಶಿಷ್ಯರು ಕೈ ತೊಡೆಗೆ ಅಂಟಿಸಿ, ಗದ್ದ ಎತ್ತಿ, ಅಲ್ಲಾಡದೆ ನಿಂತರು. ಜನ ಉಸಿರು ಬಿಗಿಹಿಡಿದು ನೋಡಿದರು. ಮುಗಿದ ಮೇಲೆ ಸರ್ ಮುಂದೆ ಬಂದು, ಭೀಮೆಯ ಉಸುಕಿನ ಮೇಲೆ ಒಂದು ಸಂಜೆ ನಾನಾಗಿಯೇ ಬಯಸಿ ನಿಶ್ಚಲನಾದೆ, ಅಲ್ಲಿ ಇದು ಹುಟ್ಟಿತು, ಕಂಬವಾಗುವುದೇ ಅತ್ಯಂತ ಕಠಿಣವಾದ ಕುಣಿತ ಎಂದು ವಿವರಿಸಿದರು. ಯಾರಿಗಾದರೂ ಪ್ರಶ್ನೆ ಇದ್ದರೆ ಕೇಳಬಹುದು ಎಂದರು.

ನನ್ನನ್ನು ಯಾವ ಮಾತಿನಿಂದ ಹಾಳು ಮಾಡಿದ್ದರೋ ಅದನ್ನೇ ತೊಳೆದು ತಮ್ಮ ಕೊರಳಿಗೆ ಹಾಕಿಕೊಂಡಿದ್ದರು. ನಾನು ಎದ್ದು ನಿಂತೆ. ನನ್ನ ಹತ್ತಿರ ಇಪ್ಪತ್ತು ವಾದಗಳಿದ್ದವು. ಒಂದನ್ನೂ ಹೇಳಲಿಲ್ಲ.

'ಸರ್, ಮೊದಲ ಒಳಗ ಹೋಗಿದ್ದು ಎಡಗಾಲೋ, ಬಲಗಾಲೋ?'

ಸಭೆಗೆ ಅರ್ಥವಾಗಲಿಲ್ಲ. ಹಿಂದಿನ ಸಾಲಿನಲ್ಲಿ ಭೂಸನೂರಿನವನು ಗೊಳ್ಳೆಂದು ನಕ್ಕ. ಸರ್ ನನ್ನನ್ನು ನೋಡಿದರು. ಈ ಸಲ ಗುರುತು ಸಿಕ್ಕಿತು, ಅದನ್ನು ನಾನು ನೋಡಿದೆ. ಆಳಂದ, ಮಣ್ಣೂರು ಎರಡೂ ಒಟ್ಟಿಗೇ ಬಂದು ಅವರ ಮುಖದ ಮೇಲೆ ನಿಂತವು. ಕೈಗಳು ತಾವಾಗಿ ತೊಡೆಗೆ ಹೋಗಿ ಅಂಟಿದವು. ಜನ ಉತ್ತರಕ್ಕೆ ಕಾಯುತ್ತ ಕೂತರು, ಮೊದಲು ಸುಮ್ಮನೆ, ಆಮೇಲೆ ಒಬ್ಬರ ಮುಖ ಒಬ್ಬರು ನೋಡುತ್ತ. ಯಾರೂ ಕೊಡ ಹೊತ್ತು ಬರಲಿಲ್ಲ.

ನಾನು ಕೂಡಲಿಲ್ಲ. ಕೈಗಡಿಯಾರ ನೋಡುತ್ತ ನಿಂತೆ. ಮಣ್ಣೂರಿನಲ್ಲಿ ಬಾಕಿ ಉಳಿದಿದ್ದ ಒಂದೂವರೆ ನಿಮಿಷವಾದ ಮೇಲೆ ಮುಂದಿನ ಕುರ್ಚಿಯ ಕಬ್ಬಿಣವನ್ನು ಉಂಗುರದ ಬೆರಳಿನಿಂದ ಕೊನೆಯ ಗಂಟೆಯ ಹಾಗೆ ಒಂದು ಸಲ ಬಡಿದು, ಕೂತೆ.